ಚೆಂಡಿಲ್ಲದ ಆಟಕ್ಕೆ ಆರು ಲಕ್ಷ ಜನ

ಮಿಲ್ವಾಕಿಯಿಂದ ಉತ್ತರಕ್ಕೆ ಹೊರಟರೆ ಗ್ರೀನ್ ಬೇಗೆ ಎರಡು ಗಂಟೆಯ ದಾರಿ. ಬಲಗಡೆ ಆಗಾಗ ಮಿಷಿಗನ್ ಸರೋವರ ಇಣುಕುತ್ತದೆ. ಸರೋವರ ಅನ್ನುವುದು ಹೆಸರಿಗಷ್ಟೇ, ಆಚೆ ದಡ ಕಾಣುವುದಿಲ್ಲ. ಎಡಗಡೆ ಹೈನು ಹಸುಗಳ ಕೊಟ್ಟಿಗೆಗಳು, ಇನ್ನೂ ಹಸಿರಾಗದ ಹೊಲಗಳು. ಏಪ್ರಿಲ್ ಮುಗಿಯುತ್ತ ಬಂದಿದ್ದರೂ ಜಾಕೆಟ್ ಬಿಚ್ಚುವಂತಿರಲಿಲ್ಲ. ಕಾರು ಓಡಿಸುತ್ತಿದ್ದವನು ನನ್ನ ಅಕ್ಕನ ಮಗ. ಮಿಲ್ವಾಕಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಕ್ರಿಕೆಟ್ಟನ್ನು ಅರ್ಧ ಮರೆತು ಅಮೆರಿಕನ್ ಫುಟ್‌ಬಾಲಿನ ಹುಚ್ಚು ಹಿಡಿಸಿಕೊಂಡಿದ್ದಾನೆ. "ಮಾವ, ಇವತ್ತು ಆಟ ಇರಲ್ಲ. ಹೆಸರು ಓದ್ತಾರೆ, ಅಷ್ಟೇ" ಎಂದು ಮೊದಲೇ ಹೇಳಿಬಿಟ್ಟ. ಹೆಸರು ಓದುವುದನ್ನು ಕೇಳೋಕೆ ಇಷ್ಟು ದೂರ ಹೋಗಬೇಕೇನೋ ಎಂದೆ. "ನೀವು ಬನ್ನಿ, ಆಮೇಲೆ ಮಾತಾಡೋಣ" ಎಂದ.

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್ ಎನ್ನುವ ಈ ಪದ್ಧತಿಯನ್ನು ದಾರಿಯುದ್ದಕ್ಕೂ ಅವನು ನನಗೆ ಬಿಡಿಸಿ ಹೇಳಿದ. ಕಾಲೇಜು ಫುಟ್‌ಬಾಲ್ ಮುಗಿಸಿ ಬರುವ ಹುಡುಗರನ್ನು 32 ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಒಟ್ಟು ಏಳು ಸುತ್ತು. ನಮ್ಮ ಐಪಿಎಲ್‌ನಲ್ಲಿ ದುಡ್ಡು ಹೆಚ್ಚು ಕೂಗಿದವನಿಗೆ ಆಟಗಾರ ಸಿಗುತ್ತಾನೆ. ಇಲ್ಲಿ ಕೂಗುವುದೇ ಇಲ್ಲ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕಡೆಯ ಸರದಿ. ಫಿಲಡೆಲ್ಫಿಯಾ ತಂಡದ ಮಾಲೀಕ ಬರ್ಟ್ ಬೆಲ್ ಎಂಬಾತ ಸೋತು ಸೋತು ಬೇಸತ್ತು ಮುಂದಿಟ್ಟ ಸಲಹೆ ಇದು. 1936ರಲ್ಲಿ ಒಂದು ಹೋಟೆಲಿನಲ್ಲಿ ಕೂತು, ಕಪ್ಪು ಹಲಗೆಯ ಮೇಲೆ ಬರೆದ ತೊಂಬತ್ತು ಹೆಸರುಗಳಿಂದ ಆಯ್ಕೆ ಶುರುವಾಯಿತು. ಮೊಟ್ಟಮೊದಲು ಆಯ್ಕೆಯಾದ ಜೇ ಬರ್ವಾಂಗರ್ ಈ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ಈಗ ಅದೇ ಆಯ್ಕೆ ಊರೂರು ತಿರುಗುವ ಮೂರು ದಿನದ ಉತ್ಸವ. 2025ರಲ್ಲಿ ಅದು ಮೊದಲ ಸಲ ಗ್ರೀನ್ ಬೇಗೆ ಬಂದಿತ್ತು. ಊರಿನ ಜನಸಂಖ್ಯೆ ಒಂದು ಲಕ್ಷದ ಏಳು ಸಾವಿರ ಚಿಲ್ಲರೆ. ಮೂರು ದಿನಕ್ಕೆ ಬಂದವರ ಲೆಕ್ಕ ಆರು ಲಕ್ಷ.

ಹೆದ್ದಾರಿ ಬಿಟ್ಟು ಊರೊಳಗೆ ಹೋದರೆ ಒಂದಂತಸ್ತಿನ ಮನೆಗಳ ಸಾಲು, ಮನೆ ಮುಂದೆ ಹುಲ್ಲು, ಮಕ್ಕಳ ಸೈಕಲ್ಲು. ಆ ಮನೆಗಳ ಹಿತ್ತಲಿನಲ್ಲೇ ಎದ್ದು ನಿಂತಿದೆ ಲ್ಯಾಂಬೋ ಫೀಲ್ಡ್. 1957ರ ಕ್ರೀಡಾಂಗಣ, ಈಗ 81,441 ಜನ ಕೂರಬಹುದು. ಒಂಬತ್ತು ದಶಕಗಳ ಹಿಂದೆಯೇ ಇಂಥ ಸಣ್ಣ ಊರುಗಳ ತಂಡಗಳೆಲ್ಲ ಮುಚ್ಚಿ ಹೋದವು, ಇಲ್ಲವೇ ದೊಡ್ಡ ನಗರಗಳಿಗೆ ಹೋದವು. ಗ್ರೀನ್ ಬೇ ಪ್ಯಾಕರ್ಸ್ ಒಂದು ಉಳಿದದ್ದಕ್ಕೆ ಕಾರಣ, ಅದಕ್ಕೆ ಒಬ್ಬ ಧಣಿ ಇಲ್ಲ. 1919ರಲ್ಲಿ ಕರ್ಲಿ ಲ್ಯಾಂಬೋ ಎಂಬ ಯುವಕ ತಾನು ಕೆಲಸಕ್ಕಿದ್ದ ಮಾಂಸ ಪ್ಯಾಕಿಂಗ್ ಕಂಪನಿಯಿಂದ ಅಂಗಿಗಳಿಗೆ ದುಡ್ಡು ಕೇಳಿ ಪಡೆದು ಕಟ್ಟಿದ ತಂಡ. ಹೆಸರು ಹಾಗೇ ಬಂತು. 1923ರಿಂದ ಅದು ಷೇರುದಾರರದ್ದು. ಈಗ ಐದು ಲಕ್ಷಕ್ಕೂ ಹೆಚ್ಚು ಜನ ಒಡೆಯರಿದ್ದಾರೆ. ಅವರಿಗೆ ಲಾಭಾಂಶ ಬರುವುದಿಲ್ಲ, ಷೇರನ್ನು ಪೇಟೆಯಲ್ಲಿ ಮಾರುವಂತಿಲ್ಲ, ಪಂದ್ಯದ ಟಿಕೆಟ್ಟು ಕೂಡ ಸಿಗುವುದಿಲ್ಲ. ಸಿಗುವುದು ಒಂದು ಕಾಗದ, ವರ್ಷಕ್ಕೊಂದು ಸಭೆ, ಮತ್ತು "ನಮ್ಮ ತಂಡ" ಎನ್ನುವ ಹಕ್ಕು. ಆ ಹಕ್ಕನ್ನು ಅವರು ಎಷ್ಟು ಗಂಭೀರವಾಗಿ ಚಲಾಯಿಸುತ್ತಾರೆ ಎಂಬುದನ್ನು ಅರ್ಧ ಗಂಟೆಯಲ್ಲೇ ಕಂಡೆ.

ಕ್ರೀಡಾಂಗಣದ ಸುತ್ತಲಿನ ಮನೆಯವರು ಪಂದ್ಯದ ದಿನ ತಮ್ಮ ಹುಲ್ಲುಹಾಸಿನ ಮೇಲೆ ಕಾರು ನಿಲ್ಲಿಸಲು ಜಾಗ ಬಾಡಿಗೆಗೆ ಕೊಡುತ್ತಾರೆ. ನಾವು ನಿಲ್ಲಿಸಿದ್ದು ಎಪ್ಪತ್ತು ದಾಟಿದ ಹೆಂಗಸೊಬ್ಬರ ಅಂಗಳದಲ್ಲಿ. ತಲೆಯ ಮೇಲೆ ಚೀಸಿನ ತುಂಡಿನ ಆಕಾರದ ಹಳದಿ ಟೋಪಿ. ಹೈನಿನ ನಾಡೆಂದು ವಿಸ್ಕಾನ್ಸಿನ್‌ನವರನ್ನು ಅಣಕಿಸಲು ಹುಟ್ಟಿದ ಅಡ್ಡಹೆಸರನ್ನೇ ಇವರು ಟೋಪಿ ಮಾಡಿ ತಲೆಗೇರಿಸಿಕೊಂಡಿದ್ದಾರೆ. ನಾನು ಭಾರತದಿಂದ ಬಂದವನು, ಈ ಆಟ ಗೊತ್ತಿಲ್ಲ ಎಂದು ನನ್ನ ಅಳಿಯ ಹೇಳಿದ್ದೇ ತಡ, ಅಜ್ಜಿ ಮಡಚುವ ಮೇಜಿನ ಮೇಲೆ ಕಾಗದದ ತಟ್ಟೆ ಇಟ್ಟು ಚೀಸ್ ಕರ್ಡ್ಸ್ ಸುರಿದರು. ಹೊಸದಾಗಿ ಮಾಡಿದ ಚೀಸಿನ ಗುಂಡುಗುಂಡು ಚೂರುಗಳು ಅವು. ತಾಜಾ ಇದ್ದರೆ ಹಲ್ಲಿಗೆ ಸಿಕ್ಕಾಗ ಕಿರ್ರ್ ಎನ್ನುತ್ತವೆ. ನನಗೆ ತಿನ್ನಲು ಕೊಟ್ಟರು ಅಂದುಕೊಂಡೆ. ಅವರು ಅದರಲ್ಲಿ ಹನ್ನೊಂದನ್ನು ಎಣಿಸಿ ಸಾಲಾಗಿ ಜೋಡಿಸಿದರು.

"ಇದು ನಮ್ಮ ಡಿಫೆನ್ಸ್" ಎಂದರು.

ಮುಂದೆ ನಾಲ್ಕು, ಅವರ ಹಿಂದೆ ಮೂರು, ಕಡೆಗೆ ನಾಲ್ಕು. ಮುಂದಿನ ನಾಲ್ವರು ನೆಲಕ್ಕೆ ಕೈಯೂರಿ ನಿಂತು, ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನ ಮೇಲೆ ಬೀಳಬೇಕು. ನಡುವಿನವರು ಲೈನ್‌ಬ್ಯಾಕರ್‌ಗಳು. ಹಿಂದಿನ ನಾಲ್ವರಲ್ಲಿ ಅಂಚಿನ ಇಬ್ಬರು ಕಾರ್ನರ್‌ಬ್ಯಾಕ್‌ಗಳು, ಒಳಗಿನ ಇಬ್ಬರು ಸೇಫ್ಟಿಗಳು. ಮೊದಲೆಲ್ಲ ಪ್ಯಾಕರ್ಸ್ ಮುಂದೆ ಮೂವರನ್ನು, ಹಿಂದೆ ನಾಲ್ವರು ಲೈನ್‌ಬ್ಯಾಕರ್‌ಗಳನ್ನು ನಿಲ್ಲಿಸುತ್ತಿತ್ತು. 2024ರಲ್ಲಿ ಜೆಫ್ ಹ್ಯಾಫ್ಲಿ ಡಿಫೆನ್ಸ್ ಕೋಚ್ ಆಗಿ ಬಂದ ಮೇಲೆ ಈ ಹೊಸ ವ್ಯೂಹ ಬಂದಿತ್ತು. "ಈ ವ್ಯೂಹದಲ್ಲಿ ನಾಲ್ವರೇ ಕೆಲಸ ಮುಗಿಸಬೇಕು. ಅವರ ಕೈಲಾಗದೆ ನಡುವಿನಿಂದ ಒಬ್ಬನನ್ನು ಮುಂದೆ ಕಳಿಸಿದಿರೋ, ಅಗೋ, ಅಲ್ಲಿ ಬಾಗಿಲು ತೆರೀತು" ಎಂದು ಒಂದು ಚೂರನ್ನು ಬೆರಳಿನಿಂದ ಮುಂದೆ ತಳ್ಳಿ, ಖಾಲಿಯಾದ ಜಾಗವನ್ನು ತೋರಿಸಿದರು. ಹನ್ನೊಂದು ಚೀಸಿನ ಚೂರುಗಳಲ್ಲಿ ಇಡೀ ಆಟ ನನಗೆ ತಟ್ಟನೆ ತೆರೆದುಕೊಂಡಿತು.

ಅವರ ವಾದ ಇಷ್ಟು: ಈ ಸಲ ಪ್ಯಾಕರ್ಸ್‌ನ ಸರದಿ 23ನೆಯದು, ಅಂಚಿನಿಂದ ನುಗ್ಗುವ ಒಬ್ಬ ಆಳನ್ನು ತರಬೇಕು. ರಶಾನ್ ಗ್ಯಾರಿ ಇದ್ದಾನೆ, 2024ರಲ್ಲಿ ಏಳೂವರೆ ಸ್ಯಾಕ್ (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಮಾಡಿದ್ದಾನೆ, ಆದರೆ ಅವನೊಬ್ಬನೇ. 2023ರಲ್ಲಿ 13ನೇ ಸರದಿಗೆ ತಂದ ಲೂಕಸ್ ವಾನ್ ನೆಸ್ ಇನ್ನೂ ಅರಳಿಲ್ಲ. ಸಾಕ್ಷಿಯಾಗಿ ಫೆಬ್ರವರಿಯ ಸೂಪರ್ ಬೌಲ್, ಎಂದರೆ ಲೀಗಿನ ಫೈನಲ್, ಎಳೆದು ತಂದರು. ಫಿಲಡೆಲ್ಫಿಯಾದ ಈಗಲ್ಸ್ ತಂಡ ಹಿಂದಿನಿಂದ ಒಬ್ಬನನ್ನೂ ಹೆಚ್ಚುವರಿ ಕಳಿಸದೆ, ಮುಂದಿನ ನಾಲ್ವರಿಂದಲೇ ಎದುರಾಳಿ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್‌ನನ್ನು ಆರು ಸಲ ಕೆಡವಿತ್ತು. "ಅದನ್ನು ನೋಡಿದ ಮೇಲೂ ಇನ್ನೇನು ಯೋಚನೆ?"

ಯೋಚನೆ ಇತ್ತು, ಮೊಮ್ಮಗನಿಗೆ. ಇಪ್ಪತ್ತರ ಹುಡುಗ, ಅಷ್ಟು ಹೊತ್ತು ಕಾರುಗಳನ್ನು ಸಾಲು ಮಾಡಿ ನಿಲ್ಲಿಸುತ್ತಿದ್ದವನು ಬಂದು ತಟ್ಟೆಯ ಹಿಂದಿನ ಸಾಲಿನ ಅಂಚಿನ ಚೂರನ್ನು ಎತ್ತಿ, "ಇವನು ಜೈರ್ ಅಲೆಕ್ಸಾಂಡರ್" ಎಂದು ಬಾಯಿಗೆ ಹಾಕಿಕೊಂಡ. "ಈಗ ಏನು ಮಾಡ್ತೀಯ ಅಜ್ಜಿ?"

ತಂಡದ ಅತ್ಯುತ್ತಮ ಕಾರ್ನರ್‌ಬ್ಯಾಕ್ ಅಲೆಕ್ಸಾಂಡರ್, ಗಾಯಗಳಿಂದ 2023ರಲ್ಲಿ ಏಳು ಪಂದ್ಯ, 2024ರಲ್ಲೂ ಏಳೇ ಪಂದ್ಯ ಆಡಿದ್ದ. ಉಳಿಯುತ್ತಾನೋ ಬಿಡುತ್ತಾನೋ ಎನ್ನುವುದು ಆ ವಾರ ಯಾರಿಗೂ ಗೊತ್ತಿರಲಿಲ್ಲ. (ಜೂನ್‌ನಲ್ಲಿ ತಂಡ ಅವನನ್ನು ಬಿಟ್ಟಿತು.) ಹುಡುಗನಿಗೆ ಬೇಕಾಗಿದ್ದವನು ಟೆಕ್ಸಾಸ್ ವಿಶ್ವವಿದ್ಯಾಲಯದ ಜಾಡೇ ಬ್ಯಾರನ್. ಅಷ್ಟರಲ್ಲಿ ಪಕ್ಕದ ಮನೆಯ ಗಡ್ಡದವರು ಬೇಲಿಯಾಚೆಯಿಂದಲೇ ಕೂಗಿ ಇಬ್ಬರ ಬಾಯಿಯನ್ನೂ ಮುಚ್ಚಿಸಿದರು. 2018ರಿಂದ, ಎಂದರೆ ಬ್ರಯಾನ್ ಗುಟೆಕುನ್ಸ್ಟ್ ಜನರಲ್ ಮ್ಯಾನೇಜರ್ ಆದಾಗಿನಿಂದ, ಮೊದಲ ಸುತ್ತಿನಲ್ಲಿ ಒಂಬತ್ತು ಹುಡುಗರನ್ನು ತಂದಿದ್ದಾರೆ, ಅದರಲ್ಲಿ ಏಳು ಡಿಫೆನ್ಸಿನವರು. ಏಳು! ಚೆಂಡು ಹಿಡಿಯುವ ರಿಸೀವರ್‌ನನ್ನು ಮೊದಲ ಸುತ್ತಿನಲ್ಲಿ ಕಡೆಯ ಸಲ ತಂದದ್ದು 2002ರಲ್ಲಿ, ಜವಾನ್ ವಾಕರ್‌ನನ್ನು. "ಆಗ ನಿನ್ನ ಮೊಮ್ಮಗ ಹುಟ್ಟಿರಲಿಲ್ಲ" ಎಂದರು.

ಇದು ಬಾಯಿಗೆ ಬಂದಂತೆ ಆಡುವ ಮಾತಲ್ಲ ಎನ್ನುವುದೇ ನನ್ನನ್ನು ಬೆರಗಾಗಿಸಿದ್ದು. ವರ್ಷ, ಸರದಿ, ಸುತ್ತು, ಕಾಲೇಜು, ಗಾಯ, ಸಂಬಳ ಎಲ್ಲ ನಾಲಗೆಯ ತುದಿಯಲ್ಲಿ. ಷೇರು ಕಾಗದ ಅಜ್ಜಿಯ ಮನೆಯ ಗೋಡೆಯ ಮೇಲಿದೆ, ಮದುವೆ ಫೋಟೋದ ಪಕ್ಕದಲ್ಲೇ. ಆದರೂ ಇವರ ಮಾತನ್ನು ಆಯ್ಕೆ ಮಾಡುವ ಕೋಣೆಯಲ್ಲಿ ಕೇಳುವವರಿಲ್ಲ. ಅದು ಅವರಿಗೂ ಗೊತ್ತು, ಗೊತ್ತಿದ್ದೂ ವಾದ ಒಂದಿಷ್ಟೂ ಸಡಿಲವಾಗುವುದಿಲ್ಲ.

ಜನ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆ ಎನ್ನುವುದಕ್ಕೆ ಗಡ್ಡದವರು 1989ರ ಕತೆ ಹೇಳಿದರು. ಆ ವರ್ಷ ಪ್ಯಾಕರ್ಸ್‌ಗೆ ಎರಡನೇ ಸರದಿ. ಟೋನಿ ಮ್ಯಾಂಡರಿಚ್ ಎಂಬ ಭಾರಿ ಆಳನ್ನು ತಂದರು. ಅವನ ಹಿಂದೆ ಮೂರನೆಯವನಾಗಿ ಬ್ಯಾರಿ ಸ್ಯಾಂಡರ್ಸ್, ನಾಲ್ಕನೆಯವನಾಗಿ ಡೆರಿಕ್ ಥಾಮಸ್, ಐದನೆಯವನಾಗಿ ಡಿಯಾನ್ ಸ್ಯಾಂಡರ್ಸ್ ಹೋದರು. ಮೊದಲನೆಯವನು ಟ್ರಾಯ್ ಏಕ್‌ಮನ್. ಆ ಐವರಲ್ಲಿ ನಾಲ್ವರು ಇಂದು ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಉಳಿದ ಒಬ್ಬ ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. "ಡೆರಿಕ್ ಥಾಮಸ್, ಅಂಚಿನಿಂದ ನುಗ್ಗುವವ" ಎಂದು ಅಜ್ಜಿ ನನ್ನ ಕಡೆ ತಿರುಗಿ ಒತ್ತಿ ಹೇಳಿದರು. ಹಾಗೆಂದು ತಡವಾಗಿ ಬಂದವರೆಲ್ಲ ಕಡಿಮೆಯೇ? ಪ್ಯಾಕರ್ಸ್‌ಗೆ ಮೊದಲೆರಡು ಸೂಪರ್ ಬೌಲ್ ಗೆದ್ದುಕೊಟ್ಟ ಬಾರ್ಟ್ ಸ್ಟಾರ್ 1956ರಲ್ಲಿ 17ನೇ ಸುತ್ತಿನವರೆಗೆ ಕಾದು ಕೂತಿದ್ದವನು.

ಸಂಜೆ ಏಳಕ್ಕೆ ವೇದಿಕೆಯ ಮೇಲೆ ದೀಪ ಹೊತ್ತಿತು. 32 ತಂಡಗಳ ಅಂಗಿಗಳೂ ಅಲ್ಲಿದ್ದವು, ಆದರೆ ಹಸಿರು-ಹಳದಿಯ ಕಡಲಿನಲ್ಲಿ ಉಳಿದವೆಲ್ಲ ಮುಳುಗಿದ್ದವು. ಲೀಗಿನ ಕಮಿಷನರ್ ರೋಜರ್ ಗುಡೆಲ್ ಬಂದೊಡನೆ ಎರಡು ಲಕ್ಷ ಗಂಟಲುಗಳು ಒಂದೇ ಸ್ವರದಲ್ಲಿ "ಬೂ" ಎಂದವು. ಗಾಬರಿಯಾಗಿ ಅಳಿಯನ ಮುಖ ನೋಡಿದೆ. "ಸಂಪ್ರದಾಯ ಮಾವ, ಪ್ರತಿ ವರ್ಷ ಹೀಗೇ" ಎಂದ. ಗುಡೆಲ್ ನಗುತ್ತಲೇ ಇದ್ದರು.

ಆ ವರ್ಷ ಮೊದಲ ಸುತ್ತಿನಲ್ಲಿ ಒಂದೊಂದು ತಂಡಕ್ಕೂ ಹತ್ತು ನಿಮಿಷ. ಗಡಿಯಾರ ಇಳಿಯುತ್ತದೆ, ಗಂಟೆಯ ಸದ್ದಾಗುತ್ತದೆ, ಹೆಸರು ಓದುತ್ತಾರೆ, ಹುಡುಗ ಬಂದು ಟೋಪಿ ಹಾಕಿಕೊಳ್ಳುತ್ತಾನೆ, ಅವನ ತಾಯಿ ಅಳುತ್ತಾಳೆ. ಮೊದಲ ಹೆಸರು ಕ್ಯಾಮ್ ವಾರ್ಡ್, ಟೆನೆಸಿಗೆ. ಎರಡನೆಯದಕ್ಕೆ ಜನ ಹುಚ್ಚೆದ್ದರು: ಜಾಕ್ಸನ್‌ವಿಲ್ ತಂಡ ಮುಂದಿನ ವರ್ಷದ ಮೊದಲ ಸುತ್ತಿನ ಸರದಿಯನ್ನೂ ಕೊಟ್ಟು ಮೇಲೇರಿ ಟ್ರಾವಿಸ್ ಹಂಟರ್‌ನನ್ನು ಹಿಡಿಯಿತು. ಕಾಲೇಜಿನಲ್ಲಿ ರಿಸೀವರ್ ಆಗಿಯೂ ಕಾರ್ನರ್‌ಬ್ಯಾಕ್ ಆಗಿಯೂ ಎರಡೂ ಕಡೆ ಆಡಿದವನು. ಅಜ್ಜಿಯ ಮೊಮ್ಮಗನಿಗೂ ಪಕ್ಕದ ಮನೆಯವರಿಗೂ ಒಬ್ಬನಲ್ಲೇ ಉತ್ತರ, ಆದರೆ ಅವನು 23ರವರೆಗೆ ಉಳಿಯುವ ಮಾತೇ ಇರಲಿಲ್ಲ. ನಾಲ್ಕನೆಯವನು ವಿಲ್ ಕ್ಯಾಂಪ್‌ಬೆಲ್. ಅವನ ತೋಳಿನ ಉದ್ದ 33 ಇಂಚಿಗೆ ಒಂಚೂರು ಕಡಿಮೆ ಬಂತೆಂದು ದೇಶದಲ್ಲಿ ವಾರಗಟ್ಟಲೆ ಚರ್ಚೆಯಾಗಿತ್ತಂತೆ. ಇಲ್ಲಿ ನನಗೆ ಸ್ವಲ್ಪ ಮುಜುಗರವಾಯಿತು. ಎತ್ತರ, ತೂಕ, ಅಂಗೈ ಅಗಲ, ತೋಳಿನ ಉದ್ದ ಅಳೆದು ಜನ ತೀರ್ಪು ಕೊಡುವುದು ದನದ ಜಾತ್ರೆಯಲ್ಲಿ ಹಲ್ಲು ಎಣಿಸುವ ಹಾಗೇ ಕಂಡಿತು. ಯಾವ ಊರಿಗೆ ಹೋಗುತ್ತೇನೆ ಎಂದು ಹೇಳುವ ಹಕ್ಕು ಆ ಹುಡುಗರಿಗಿಲ್ಲ. ಕೋಟಿಗಟ್ಟಲೆ ಸಂಬಳ ಬರುತ್ತದಲ್ಲ ಎಂದ ಅಳಿಯ. ಬರುತ್ತದೆ, ಮುಜುಗರ ಹೋಗಲಿಲ್ಲ.

ರಾತ್ರಿ ಹೊತ್ತೇರಿದಂತೆ ಚಳಿ ಮೂಳೆಗಿಳಿಯಿತು. 20ನೇ ಸರದಿಯಲ್ಲಿ ಡೆನ್ವರ್ ತಂಡ ಬ್ಯಾರನ್‌ನನ್ನು ಕೊಂಡೊಯ್ದಾಗ ನಮ್ಮ ಮುಂದಿದ್ದ ಯುವಕರ ಗುಂಪೊಂದು ತಲೆ ಮೇಲೆ ಕೈ ಹೊತ್ತಿತು. ಮನೆಯಲ್ಲಿ ಟಿವಿ ಮುಂದೆ ಕೂತ ಮೊಮ್ಮಗನ ಪಾಡು ನೆನೆದೆ. 23 ಬಂತು. ಅಂಚಿನಿಂದ ನುಗ್ಗುವ ಜೇಮ್ಸ್ ಪಿಯರ್ಸ್ ಇನ್ನೂ ಉಳಿದಿದ್ದ. ಪ್ಯಾಕರ್ಸ್‌ನ ಆಗಿನ ಅಧ್ಯಕ್ಷ ಮಾರ್ಕ್ ಮರ್ಫಿ ತಾವೇ ವೇದಿಕೆಗೆ ಬಂದು ಓದಿದರು: ಮ್ಯಾಥ್ಯೂ ಗೋಲ್ಡನ್, ರಿಸೀವರ್, ಟೆಕ್ಸಾಸ್. ನಲವತ್ತು ಗಜವನ್ನು 4.29 ಸೆಕೆಂಡಿನಲ್ಲಿ ಓಡಿದವನು.

ಆಗ ಎದ್ದ ಸದ್ದನ್ನು ಹೇಗೆ ಬರೆಯಲಿ! ಕಾಲ ಕೆಳಗಿನ ನೆಲ ನಡುಗಿದ್ದು ನಿಜ. ಡಿಫೆನ್ಸೇ ಬೇಕೆಂದು ಮಧ್ಯಾಹ್ನವೆಲ್ಲ ಜಗಳವಾಡಿದವರೂ ಗುರುತಿಲ್ಲದವರನ್ನು ತಬ್ಬಿಕೊಳ್ಳುತ್ತಿದ್ದರು. ನನ್ನನ್ನೂ ಯಾರೋ ತಬ್ಬಿದರು, ಬಿಯರಿನ ವಾಸನೆಯೊಂದಿಗೆ. ಕಾರಿನ ಹತ್ತಿರ ಬಂದರೆ ಗಡ್ಡದವರು ಬೇಲಿಯ ಮೇಲೆ ಒಂದು ಕಾಲಿಟ್ಟು ರಾಜನ ಹಾಗೆ ನಿಂತಿದ್ದರು. ಅಜ್ಜಿ ಮಾತ್ರ, "ಹುಡುಗ ಓಡ್ತಾನೆ, ಸರಿ. ಕ್ವಾರ್ಟರ್‌ಬ್ಯಾಕ್‌ನನ್ನು ಬೀಳಿಸೋರು ಯಾರು?" ಎಂದರು.

ಶನಿವಾರ ಮತ್ತೆ ಹೋದೆವು. ಜನ ಕರಗಿದ್ದರು. ಆ ಹೊತ್ತಿಗೆ ಎಲ್ಲರ ಬಾಯಲ್ಲಿ ಶಡೂರ್ ಸ್ಯಾಂಡರ್ಸ್ ಹೆಸರು. 1989ರ ಕತೆಯ ಡಿಯಾನ್ ಸ್ಯಾಂಡರ್ಸ್‌ನ ಮಗ, ಮೊದಲ ಸುತ್ತಿನಲ್ಲೇ ಹೋಗುತ್ತಾನೆ ಎಂದು ಎಣಿಸಿದ್ದವನು ಐದನೇ ಸುತ್ತಿನವರೆಗೆ ಉಳಿದು 144ನೆಯವನಾಗಿ ಕ್ಲೀವ್‌ಲೆಂಡ್ ಸೇರಿದ. ನನ್ನ ಮನಸ್ಸಿನಲ್ಲಿ ನಿಂತದ್ದು ಮಾತ್ರ ಬ್ಯಾರಿನ್ ಸೋರೆಲ್. ಟೆಕ್ಸಾಸ್‌ನಲ್ಲಿ ಆಡಿದ, ಅಂಚಿನಿಂದ ನುಗ್ಗುವ ಹುಡುಗ. ಆಹ್ವಾನದ ಮೇಲೆ ಗ್ರೀನ್ ಬೇಗೆ ಬಂದಿದ್ದ. ಮೊದಲ ರಾತ್ರಿ ಅವನ ಹೆಸರು ಬರಲಿಲ್ಲ, ಎರಡನೇ ರಾತ್ರಿಯೂ ಬರಲಿಲ್ಲ. ಜೊತೆಗೆ ಬಂದಿದ್ದ ಹುಡುಗರು ಊರು ಬಿಟ್ಟರು. ಅವನು ಕುಟುಂಬದೊಂದಿಗೆ ಉಳಿದ. ನಾಲ್ಕನೇ ಸುತ್ತಿನ 124ನೇ ಸರದಿಯಲ್ಲಿ ಅವನನ್ನು ಕರೆದದ್ದು ಅದೇ ಊರಿನ ತಂಡ, ಪ್ಯಾಕರ್ಸ್. ಅವನು ವೇದಿಕೆಗೆ ನಡೆದು ಬಂದಾಗ ಉಳಿದಿದ್ದ ಜನ ಮೊದಲ ಸರದಿಯವನಿಗೂ ಕೊಡದ ಸ್ವಾಗತ ಕೊಟ್ಟರು. ಮುಂದಿನ ಸುತ್ತಿನಲ್ಲಿ ಕಾಲಿನ್ ಆಲಿವರ್, ಆರನೆಯದರಲ್ಲಿ ಮುಂದಿನ ಸಾಲಿನ ವಾರೆನ್ ಬ್ರಿನ್ಸನ್. ಡಿಫೆನ್ಸಿನವರು ಬಂದರು, ತಡವಾಗಿ ಬಂದರು.

ಅದೇ ವರ್ಷ ಆಗಸ್ಟ್ ಕೊನೆಯಲ್ಲಿ ಅಳಿಯನ ಫೋನು ಬಂದಾಗ ನಾನು ಬೆಂಗಳೂರಿನಲ್ಲಿದ್ದೆ. ಪ್ಯಾಕರ್ಸ್ ಡಲ್ಲಾಸ್‌ನಿಂದ ಮೈಕಾ ಪಾರ್ಸನ್ಸ್‌ನನ್ನು ತಂದಿತ್ತು. ಅಂಚಿನಿಂದ ನುಗ್ಗುವವರಲ್ಲಿ ದೇಶದ ಮೊದಲ ಸಾಲಿನವನು. ನಾಲ್ಕು ವರ್ಷಕ್ಕೆ 188 ಮಿಲಿಯನ್ ಡಾಲರ್. ಬದಲಿಗೆ ಕೊಟ್ಟದ್ದು 2026 ಮತ್ತು 2027ರ ಮೊದಲ ಸುತ್ತಿನ ಸರದಿಗಳು, ಜೊತೆಗೆ 2016ರಿಂದ ಸಾಲಿನ ನಡುವೆ ನಿಂತಿದ್ದ ಕೆನ್ನಿ ಕ್ಲಾರ್ಕ್. ನನ್ನ ಅಳಿಯ ಅಷ್ಟರಲ್ಲಾಗಲೇ ಆ ಮೊಮ್ಮಗನೊಡನೆ ಮಾತಾಡಿದ್ದ. ಕೇಳಿದ್ದು ಸಿಕ್ಕಿತಲ್ಲ, ಈಗಲಾದರೂ ಅಜ್ಜಿ ಸಮಾಧಾನವಾಗಿದ್ದಾರಾ ಎಂದೆ. "ಎಲ್ಲಿ ಮಾವ! ಕ್ಲಾರ್ಕ್ ಹೋದ ಮೇಲೆ ನಡುವೆ ನುಗ್ಗೋ ಓಟಗಾರನನ್ನು ತಡೆಯೋರು ಯಾರು ಅಂತ ಶುರು ಮಾಡಿದ್ದಾರಂತೆ. ಬ್ರಿನ್ಸನ್ ಸಾಕು ಅಂತ ಮೊಮ್ಮಗ, ಆರನೇ ಸುತ್ತಿನ ಹುಡುಗನನ್ನು ನಂಬೋದಾ ಅಂತ ಅಜ್ಜಿ. ಪಕ್ಕದ ಮನೆಯವರು ಇಬ್ಬರ ಹತ್ತಿರವೂ ಮಾತು ಬಿಟ್ಟಿದ್ದಾರಂತೆ."