ಸುಮ್ಮನೆ ಬಿದ್ದ ನೆಲ

ಬೀರೂರಿನಿಂದ ಅಜ್ಜಂಪುರದ ಕಡೆಗೆ ಹೋಗುವಾಗ, ತೆಂಗಿನ ತೋಟಗಳು ಹಿಂದೆ ಸರಿದು, ರಾಗಿ ಈರುಳ್ಳಿಗಳ ಹೊಲಗಳೂ ಮುಂದುವರಿಯಲು ಅಪ್ಪಣೆ ಸಿಗದವರಂತೆ ಒಂದೆಡೆ ಥಟ್ಟನೆ ನಿಂತು, ಆಚೆಗೆ ಕಣ್ಣು ಹಾಯುವಷ್ಟು ದೂರ ಬರಿಯ ಹುಲ್ಲು, ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಜಾಲಿಯ ಮರ, ಅದರ ಮೇಲೆ ಯಾರ ಹಂಗೂ ಇಲ್ಲದೆ ಹರಡಿಕೊಂಡ ಆಕಾಶ, ಇಷ್ಟೇ ಉಳಿಯುವ ತಾಣಗಳುಂಟು. ಈ ಸೀಮೆಯವರು ಅವನ್ನು ಕಾವಲು ಎನ್ನುತ್ತಾರೆ. ಮೊದಲ ಬಾರಿ ಅಂಥದೊಂದು ಕಾವಲಿನ ಅಂಚಿನಲ್ಲಿ ನಿಂತಾಗ, ಪೇಟೆಯಲ್ಲಿ ಮೂವತ್ತು ನಾಲ್ವತ್ತಡಿಯ ನಿವೇಶನಕ್ಕಾಗಿ ಅರ್ಧ ಆಯುಷ್ಯ ಸವೆಸಿದವನಾದ ನನಗೆ ಸಹಜವಾಗಿಯೇ ಕರುಳು ಚುರ್ರೆಂದಿತು. ಅಲ್ಲಿಯೇ ಕೋಲೂರಿ ನಿಂತಿದ್ದ ದನಗಾಹಿ ಮುದುಕನನ್ನು, “ಏನಜ್ಜಾ, ಇಷ್ಟು ನೆಲ ಸುಮ್ಮನೆ ಬಿದ್ದಿದೆಯಲ್ಲ?” ಎಂದು ಕೇಳಿದೆ.

ಮುದುಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಳಿಕ ಮೇಯುತ್ತಿದ್ದ ತನ್ನ ಹಸುಗಳ ಕಡೆ ತಿರುಗಿ, ಅತ್ಯಂತ ವಿನಯದಿಂದ, “ದನಕ್ಕೆ ಕಾಣಾದು ತಮಗೆ ಕಾಣಾಕಿಲ್ವಾ ಸ್ವಾಮಿ?” ಎಂದನು. ಈ ಮಾತಿನಲ್ಲಿ ಪ್ರಶ್ನೆಯೆಷ್ಟು, ಬಿರುದೆಷ್ಟು ಎಂಬುದನ್ನು ಲೆಕ್ಕ ಹಾಕುತ್ತ ನಾನು ಊರಿಗೆ ಹಿಂದಿರುಗಿದೆ.

ಲೆಕ್ಕ ಹಾಕಿದಂತೆಲ್ಲ ಮುದುಕನ ಪಕ್ಷವೇ ಬಲವಾಗುತ್ತ ಬಂದಿತು. ಮೈಸೂರಿನ ಅರಸರ ಕಾಲದಿಂದ ಈ ಕಾವಲುಗಳು ರಾಜಮಂದೆಯ ಮೇವಿಗಾಗಿ ಮೀಸಲಾದವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆ ಮಂದೆಯನ್ನು ನೋಡಿಕೊಳ್ಳುವ ಇಲಾಖೆಗೆ ಬೆಣ್ಣೆ ಚಾವಡಿಯೆಂದು ಹೆಸರು. ಟಿಪ್ಪುಸುಲ್ತಾನನು ಅದನ್ನು ಅಮೃತಮಹಲ್ ಎಂದು ಕರೆದನು. ಬೆಣ್ಣೆಯ ಹೆಸರು ಹೋಗಿ ಅಮೃತದ ಹೆಸರು ಬಂದರೂ ಈ ತಳಿಯ ಹಸು ಮಾತ್ರ ತನ್ನ ಕರುವಿಗೆ ಮಿಕ್ಕಿ ಹಾಲು ಕೊಡಲು ಮನಸ್ಸು ಮಾಡಲಿಲ್ಲ. ಅದರ ಕೀರ್ತಿಯೆಲ್ಲ ಹಿಂದಕ್ಕೆ ಬಾಗಿ ಚೂಪಾದ ಕೊಂಬಿನ, ಬೂದು ಮೈಯ, ತೋಪಿನ ಬಂಡಿಯನ್ನು ದಣಿವರಿಯದೆ ಎಳೆಯುವ ಎತ್ತಿನದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಂದೆ ಆಂಗ್ಲರ ವಶವಾಯಿತು. ಅವರು ಮಿತವ್ಯಯದ ಉತ್ಸಾಹದಲ್ಲಿ 1860ರಲ್ಲಿ ಅದನ್ನು ಮಾರಿ, ಎತ್ತಿಲ್ಲದೆ ಕೈ ಮುರಿದಂತಾಗಿ, 1866ರಲ್ಲಿ ಮತ್ತೆ ಕೂಡಿಸಲು ಹೊರಟರು.

ಆದರೆ ನನ್ನನ್ನು ನಾಚಿಸಿದ್ದು ಎತ್ತಿನ ಚರಿತ್ರೆಯಲ್ಲ, ಹುಲ್ಲಿನ ವ್ಯವಸ್ಥೆ. ಕಾವಲುಗಳಲ್ಲಿ ಮಳೆಗಾಲದವು, ಚಳಿಗಾಲದವು, ಬೇಸಗೆಯವು ಎಂದು ಮೂರು ಬಗೆ; ಕೆರೆಯ ನೀರು ಇಂಗಿದ ಮೇಲೆ ಅಂಗಳದಲ್ಲಿ ಹಸಿರು ಚಿಗುರುವ, ಮರದ ನೆರಳಿರುವ ಎಡೆ ಬೇಸಗೆಗೆ ಮೀಸಲು. ಮಂದೆ ಒಂದರಲ್ಲಿ ಮೇಯುವಾಗ ಉಳಿದೆರಡು ಹೂಬಿಟ್ಟು, ಬೀಜ ಉದುರಿಸಿ, ಬೇರು ಬಲಿತುಕೊಳ್ಳುವುವು. ಹೀಗಿರಲು, ನಾನು ಕಂಡ ಕಾವಲು ಸುಮ್ಮನೆ ಬಿದ್ದಿದ್ದುದು ನಿಜವೇ. ಆದರೆ ಸುಮ್ಮನಿರುವುದೇ ಆಗ ಅದರ ಉದ್ಯೋಗವಾಗಿತ್ತು.

ಊರಿನ ಗೋಮಾಳಕ್ಕೂ ಇದೇ ನ್ಯಾಯ ಸಲ್ಲಬೇಕು. ಆದರೆ ಉಳದ ನೆಲವನ್ನು ನಮ್ಮ ಪಹಣಿಗಳು ಖರಾಬು ಎನ್ನುತ್ತವೆ. ಕಂದಾಯ ತೆರದುದೆಲ್ಲ ಕೆಟ್ಟದ್ದೆಂಬುದು ದಫ್ತರದ ನೀತಿಶಾಸ್ತ್ರ. ನೂರು ದನಗಳಿಗೆ ಮೂವತ್ತು ಎಕರೆ ಗೋಮಾಳವಿರಬೇಕೆಂಬ ನಿಯಮವೂ ಅದೇ ದಫ್ತರದಲ್ಲಿದೆ. ನಿಯಮ ಕಪಾಟಿನಲ್ಲಿ ಸುರಕ್ಷಿತವಾಗಿದೆ. ಗೋಮಾಳ ಮಾತ್ರ ವರ್ಷಕ್ಕೊಂದು ಗೇಣಿನಂತೆ ಪಕ್ಕದ ಹೊಲದ ಬದುವಿನೊಳಕ್ಕೆ ನಡೆದುಹೋಗಿದೆ.

ಉಳುವ ನೆಲವೂ ಮೇಯುವ ನೆಲವೂ ದಾಯಾದಿಗಳೆಂಬ ಭಾವನೆಯಿಂದಲೇ ಈ ಒತ್ತುವರಿ ಹುಟ್ಟುವುದು. ನಮ್ಮ ಹಿರಿಯರು ಹಾಗೆಣಿಸಿದ್ದಂತೆ ತೋರುವುದಿಲ್ಲ. ರಾಗಿಯ ಪೈರನ್ನೇ ನೋಡಿರಿ: ತೆನೆ ಮನುಷ್ಯನಿಗೆ, ಹುಲ್ಲು ಎತ್ತಿಗೆ, ಕೂಳೆ ಮಣ್ಣಿಗೆ, ಕೋರ್ಟಿನ ಮೆಟ್ಟಿಲು ಹತ್ತದೆ ಬರೆದ ಇಂಥ ಪಾಲುಪಟ್ಟಿ ಬೇರೊಂದಿರಲಾರದು. ಅಕ್ಕಡಿ ಸಾಲಿನ ಅವರೆ ಮನೆಗೆ ಬಂದರೆ ಅದರ ಹೊಟ್ಟು ಕೊಟ್ಟಿಗೆಗೆ. ಕೊಟ್ಟಿಗೆಯ ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಯುಗಾದಿಯ ಆಚೀಚೆ ಗಾಡಿಯೇರಿ ಮರಳಿ ಹೊಲಕ್ಕೆ. ಸುಗ್ಗಿ ಮುಗಿದ ಹೊಲದಲ್ಲಿ ಕುರಿಮಂದೆಯನ್ನು ಕೆಲವು ರಾತ್ರಿ ನಿಲ್ಲಿಸಿಕೊಂಡು, ಕುರಿಗಾಹಿಗೆ ಕಾಳಿನಲ್ಲಿ ಕೂಲಿ ಅಳೆದುಕೊಡುವ ರೂಢಿಯೂ ಉಂಟು. ಕುರಿ ಮಲಗಿದ್ದಕ್ಕೂ ಕೂಲಿಯೇ ಎಂದು ನಗುವವರು ಮುಂದಿನ ವರ್ಷ ಆ ಹೊಲದ ತೆನೆಯನ್ನು ನೋಡಬೇಕು. ಗೋಮಾಳದಲ್ಲಿ ಮೇಯ್ದ ಹುಲ್ಲೇ ಹೀಗೆ ದನದ ಕಾಲಿನಲ್ಲಿ ನಡೆದುಬಂದು ಹೊಲದ ಅನ್ನವಾಗುತ್ತಿತ್ತು.

ಈಗ ಎತ್ತಿನ ಜಾಗಕ್ಕೆ ಟ್ರಾಕ್ಟರು ಬಂದಿದೆ. ಅದು ಚೆನ್ನಾಗಿಯೇ ಉಳುತ್ತದೆ, ಆದರೆ ಸಗಣಿ ಹಾಕುವುದಿಲ್ಲ. ಕಾವಲುಗಳಲ್ಲಿ ಕೆಲವು ಹೊಲಗಳಾದವು. ಚಳ್ಳಕೆರೆಯ ಕಡೆಯ ಕಾವಲುಗಳು ವಿಜ್ಞಾನ ಸಂಸ್ಥೆಗಳ ಪಾಲಾದವು. ಕಡೂರು ತಾಲ್ಲೂಕಿನ ಬಾಸೂರು ಕಾವಲು ಕೃಷ್ಣಮೃಗಗಳ ಪುಣ್ಯದಿಂದ ಸಂರಕ್ಷಿತ ಪ್ರದೇಶವಾಗಿ ಉಳಿದಿದೆ.

ಕಳೆದ ಮಳೆಗಾಲದಲ್ಲಿ ಅದೇ ದಾರಿಯಲ್ಲಿ ಮತ್ತೆ ಇಳಿದೆನು. ಮುದುಕನಿರಲಿಲ್ಲ, ದನಗಳಿದ್ದವು. ಅವುಗಳಿಗೆ ಕಾಣುವುದನ್ನು ಕಾಣಲೇಬೇಕೆಂಬ ಹಟದಿಂದ, ಸುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಕುಕ್ಕರುಗಾಲಿನಲ್ಲಿ ಕುಳಿತು ಹುಲ್ಲನ್ನು ಪರೀಕ್ಷಿಸಿದೆ. ಒಂದೇ ಎಂದುಕೊಂಡದ್ದರಲ್ಲಿ ಏಳು ಬಗೆ ಎಣಿಸಿದೆ. ಎಂಟನೆಯದಕ್ಕೆ ಕೈ ಚಾಚಿದಾಗ ಜಾಲಿಯ ಮುಳ್ಳು ಚುಚ್ಚಿತು. ಪಕ್ಕದಲ್ಲೇ ಮೇಯುತ್ತಿದ್ದ ಹಸುವೊಂದು ತಲೆಯೆತ್ತಿ ನನ್ನನ್ನು ನೋಡಿ, ನಾನು ಎಣಿಸದೆ ಬಿಟ್ಟ ಆ ಎಂಟನೆಯದನ್ನು ಮುಳ್ಳಿನ ಸಂದಿಯಿಂದಲೇ ನಾಜೂಕಾಗಿ ಕಿತ್ತು ತಿಂದಿತು.