ಬೆಟ್ಟಕ್ಕೆ ಬೀಗ ಬಿದ್ದಿದೆಯೇ?

‘ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ’ ಎಂಬ ಫಲಕ ಕಾಡಿನ ಅಂಚಿನಲ್ಲಿ ಕಂಡರೆ ಸಾಕು, ಕಾರಿನೊಳಗಿದ್ದವರ ಹುಬ್ಬು ಗಂಟಿಕ್ಕುತ್ತದೆ. ‘ಕಾಡೇನು ಇವರ ಅಪ್ಪನ ಆಸ್ತಿಯೇ?’ ಎಂದು ಹಿಂದಿನ ಸೀಟು ಕೇಳುತ್ತದೆ. ‘ತೆರಿಗೆ ಕಟ್ಟುವವರು ನಾವಲ್ಲವೇ?’ ಎಂದು ಮುಂದಿನ ಸೀಟು ದನಿಗೂಡಿಸುತ್ತದೆ. ಪ್ರಶ್ನೆಯೇನೋ ನ್ಯಾಯವಾದದ್ದೇ. ಕಾಡು ಬೆಟ್ಟಗಳು ಯಾರೊಬ್ಬರ ಸ್ವತ್ತೂ ಅಲ್ಲ. ಹಾಗಿದ್ದ ಮೇಲೆ ಅಲ್ಲಿಗೆ ಹೋಗುವ ದಾರಿಯನ್ನು ಮುಚ್ಚುವುದು ಸರಿಯೇ? ಶಾಲೆಯ ಚರ್ಚಾಸ್ಪರ್ಧೆಗೆ ಹೇಳಿ ಮಾಡಿಸಿದಂಥ ವಿಷಯವಿದು.

ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನೇ ತೆಗೆದುಕೊಳ್ಳಿ. ಎತ್ತರ 1454 ಮೀಟರ್. ಮಂಜು ಮುಸುಕಿದ ಆ ತುದಿಯಲ್ಲಿ ವೇಣುಗೋಪಾಲನ ಗುಡಿ. ಸುತ್ತಲೂ ಬಂಡೀಪುರದ ಅರಣ್ಯ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಇಡೀ ದೇಶದಲ್ಲಿ ಆರಿಸಿಕೊಂಡ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಹಿಂದೆ ಜನ ತಮ್ಮ ತಮ್ಮ ವಾಹನಗಳಲ್ಲೇ ಬೆಟ್ಟದ ತುದಿ ಮುಟ್ಟುತ್ತಿದ್ದರು. ಈಗ ಹಾಗಿಲ್ಲ. ವಾಹನವನ್ನು ಬುಡದಲ್ಲಿ ನಿಲ್ಲಿಸಬೇಕು, ಸಾಲಿನಲ್ಲಿ ನಿಂತು ರಾಜ್ಯ ರಸ್ತೆ ಸಾರಿಗೆ ನಿಗಮದ ಬಸ್ಸು ಹತ್ತಬೇಕು, ಕತ್ತಲಾಗುವ ಮೊದಲೇ ಇಳಿಯಬೇಕು.

ಹಾಗಾದರೆ ಆ ರಸ್ತೆ ಮುಚ್ಚಿದೆಯೋ, ತೆರೆದಿದೆಯೋ? ಕಾರಿನಲ್ಲಿ ಬಂದವರನ್ನು ಕೇಳಿದರೆ ಮುಚ್ಚಿದೆ ಎನ್ನುತ್ತಾರೆ. ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲೇ ಬಂದ ಹಳ್ಳಿಯ ಅಜ್ಜಿಯನ್ನು ಕೇಳಿದರೆ ಉತ್ತರ ಬೇರೆ ಇದ್ದೀತು. ಸ್ವಂತ ವಾಹನವಿಲ್ಲದವಳಿಗೆ ಬುಡದಿಂದ ತುದಿಗೆ ಬಸ್ಸು ಬಂದ ದಿನವೇ ರಸ್ತೆ ತೆರೆದ ದಿನ. ಮುಚ್ಚಿರುವುದು ವಾಹನಕ್ಕೆ, ಮನುಷ್ಯನಿಗಲ್ಲ. ಈ ಎರಡರ ನಡುವಿನ ವ್ಯತ್ಯಾಸ ಮರೆತಾಗಲೇ ಚರ್ಚೆ ಜಗಳವಾಗುತ್ತದೆ.

ಇಲ್ಲೊಂದು ಸಣ್ಣ ಲೆಕ್ಕವಿದೆ. ಒಂದು ರಜಾದಿನ ಸಾವಿರ ಜನ ಬೆಟ್ಟ ಹತ್ತುತ್ತಾರೆ ಎಂದುಕೊಳ್ಳಿ. ಕಾರಿಗೆ ನಾಲ್ವರಂತೆ 250 ಕಾರು. ಹೋಗಿ ಬರುವುದು ಸೇರಿ 500 ಓಡಾಟ. ಅದೇ ಜನ ಬಸ್ಸಿಗೆ ಐವತ್ತರಂತೆ ಹೋದರೆ 20 ಬಸ್ಸು, 40 ಓಡಾಟ. ದಿನಕ್ಕೆ ಎಂಟು ಗಂಟೆ, ಅಂದರೆ 480 ನಿಮಿಷ. ಕಾರುಗಳಾದರೆ ನಿಮಿಷ ತುಂಬುವುದರೊಳಗೆ ಇನ್ನೊಂದು ವಾಹನ ಹಾಜರು. ಬಸ್ಸುಗಳಾದರೆ ಸರಾಸರಿ ಹನ್ನೆರಡು ನಿಮಿಷ ರಸ್ತೆ ಖಾಲಿ. ದೇವರನ್ನು ಕಂಡ ಜನರ ಸಂಖ್ಯೆ ಎರಡರಲ್ಲೂ ಅಷ್ಟೇ. ಆದರೆ ಮರಿಯನ್ನು ಕಟ್ಟಿಕೊಂಡು ಆಚೆ ಬದಿಗೆ ದಾಟಬೇಕಾದ ಆನೆಗೆ ಆ ಹನ್ನೆರಡು ನಿಮಿಷ ಬಹು ದೊಡ್ಡದು.

ವಾಹನವೆಂದರೆ ಬರೀ ಚಕ್ರವಲ್ಲ. ಏರಿನಲ್ಲಿ ಕೆಳಗಿನ ಗೇರಿಗೆ ಬಂದ ಎಂಜಿನ್ನಿನ ಸದ್ದು ಕಣಿವೆಯುದ್ದಕ್ಕೂ ಕೇಳುತ್ತದೆ. ರಸ್ತೆಯಂಚಿನ ಕೆದಕಿದ ಮಣ್ಣಿನಲ್ಲಿ ಲಂಟಾನ, ಪಾರ್ಥೇನಿಯಂನಂಥ ಕಳೆಗಳು ಸುಲಭವಾಗಿ ಬೇರೂರುತ್ತವೆ. ಕಿಟಕಿಯಿಂದ ಬಿದ್ದ ಬಿಸ್ಕತ್ತು ಮಂಗನನ್ನು ಭಿಕ್ಷುಕನನ್ನಾಗಿ ಮಾಡುತ್ತದೆ. ಬಸ್ಸಿನಲ್ಲಿ ಈ ಯಾವ ತೊಂದರೆಯೂ ಇಲ್ಲವೆಂದಲ್ಲ. ಹಾನಿಯನ್ನು ಸಾವಿರ ಜನ ಹಂಚಿಕೊಂಡಾಗ ತಲೆಗೆ ಬರುವ ಪಾಲು ಚಿಕ್ಕದಾಗುತ್ತದೆ.

ಇಂಥ ಏರ್ಪಾಡು ಬೇರೆಡೆಯೂ ಉಂಟು. ಅಮೆರಿಕದ ಅಲಾಸ್ಕದಲ್ಲಿ ಡೆನಾಲಿ ಎಂಬ ರಾಷ್ಟ್ರೀಯ ಉದ್ಯಾನವಿದೆ. ಉತ್ತರ ಅಮೆರಿಕದ ಅತಿ ಎತ್ತರದ ಪರ್ವತ, 6190 ಮೀಟರಿನದು, ಇರುವುದು ಅಲ್ಲೇ. ಅದರೊಳಗೆ ಹೋಗುವುದು ಒಂದೇ ರಸ್ತೆ. ಉದ್ದ ಸುಮಾರು 148 ಕಿಲೋಮೀಟರ್. 1971ರಲ್ಲಿ ಹೊಸ ಹೆದ್ದಾರಿ ತೆರೆದು ಪಟ್ಟಣದಿಂದ ಅಲ್ಲಿಗೆ ಹೋಗುವುದು ಸುಲಭವಾಯಿತು. ಕಾರುಗಳ ದಂಡೇ ಬರುವುದೆಂದು ಅರಿತ ಆಡಳಿತ 1972ರಲ್ಲೇ ಒಂದು ನಿಯಮ ಮಾಡಿತು. ಮೊದಲ 24 ಕಿಲೋಮೀಟರ್ ಸ್ವಂತ ವಾಹನದಲ್ಲಿ, ಅದರಾಚೆಗೆ ಬಸ್ಸಿನಲ್ಲಿ. 2012ರ ಯೋಜನೆ ದಿನಕ್ಕೆ 160 ವಾಹನಗಳ ಮಿತಿ ಹಾಕಿತು. ಅಷ್ಟೇ ಅಲ್ಲ, ಡಾಲ್ ಕುರಿಗಳೆಂಬ ಬಿಳಿಯ ಕಾಡುಕುರಿಗಳು ರಸ್ತೆ ದಾಟುವ ಜಾಗಗಳಲ್ಲಿ ಪ್ರತಿ ಗಂಟೆಗೂ ಹತ್ತು ನಿಮಿಷವಾದರೂ ವಾಹನವಿಲ್ಲದ ಬಿಡುವು ಸಿಗಬೇಕೆಂದು ಗುರಿಯಿಟ್ಟಿತು. ಪೀರಿಯಡ್ಡಿನ ಗಂಟೆ ಶಾಲೆಗೆ ಮಾತ್ರವಲ್ಲ, ಕುರಿಗೂ ಉಂಟು!

ಇನ್ನು ರಾತ್ರಿಯ ಮಾತು. ಗೋಪಾಲಸ್ವಾಮಿ ಬೆಟ್ಟ ಇರುವ ಅದೇ ಬಂಡೀಪುರದ ಕಾಡನ್ನು ಸೀಳಿಕೊಂಡು ಕೇರಳದ ವಯನಾಡಿಗೂ ತಮಿಳುನಾಡಿನ ಊಟಿಗೂ ಹೆದ್ದಾರಿಗಳು ಹೋಗುತ್ತವೆ. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಸಂಚಾರ ನಿಲ್ಲಿಸಿತು. 2010ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮ್ಯಾಟಿನಿ ಶೋಗೆ ತಡವಾಗಿ ಹೋದವರಿಗೆ ಕಣ್ಣು ಹೊಂದಿಕೊಳ್ಳಲು ಎಷ್ಟು ಹೊತ್ತು ಬೇಕೆಂಬುದು ಗೊತ್ತಿದೆ. ಕತ್ತಲಿಗೆ ಹೊಂದಿಕೊಂಡ ಜಿಂಕೆಯ ಕಣ್ಣಿಗೆ ಹೆಡ್‌ಲೈಟ್ ಬಿದ್ದಾಗಲೂ ಅದೇ ಕಥೆ, ಆದರೆ ತಿರುಗುಮುರುಗಾಗಿ. ಅದು ನಿಂತಲ್ಲೇ ನಿಲ್ಲುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಚಾಲಕನ ಕಾಲು ಬ್ರೇಕು ಮುಟ್ಟುವುದರೊಳಗೆ ಮುಗಿದುಹೋಗಿರುತ್ತದೆ.

ಆದರೆ ವಿಷಯಕ್ಕೆ ಇನ್ನೊಂದು ಮುಖವೂ ಇದೆ. ವಯನಾಡಿನ ರೈತನಿಗೆ ಮೈಸೂರಿನ ಮಾರುಕಟ್ಟೆ ಬೇಕು, ವಿದ್ಯಾರ್ಥಿಗೆ ಬೆಂಗಳೂರಿನ ಕಾಲೇಜು ಬೇಕು. ಆಂಬುಲೆನ್ಸ್‌ನಂಥ ತುರ್ತು ವಾಹನಗಳಿಗೂ ಕೆಲವೇ ಬಸ್ಸುಗಳಿಗೂ ರಾತ್ರಿ ಅವಕಾಶವಿದೆ, ನಿಜ. ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೂಲಕ ಬದಲಿ ದಾರಿಯೂ ಇದೆ. ಆದರೂ ಅದು ಸುತ್ತು. 2019ರಲ್ಲಿ, ಹಗಲೂ ರಸ್ತೆ ಮುಚ್ಚೀತೆಂಬ ಭಯ ಹುಟ್ಟಿದಾಗ, ವಯನಾಡಿನ ಯುವಕರು ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ ಕುಳಿತರು. ಅವರನ್ನು ಕಾಡಿನ ಶತ್ರುಗಳೆಂದು ಕರೆದುಬಿಡುವುದು ಸುಲಭ, ಸರಿಯಲ್ಲ. ವಿಹಾರಕ್ಕೆ ಬಂದವನು ಕಳೆದುಕೊಳ್ಳುವುದು ಅರ್ಧ ಗಂಟೆಯ ಸುಖ. ಅಲ್ಲೇ ಬಾಳುವವನು ಕಳೆದುಕೊಳ್ಳುವುದು ಒಪ್ಪೊತ್ತಿನ ಸಂಪಾದನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಅಂತೆಯೇ, ನಿಯಮ ಎಲ್ಲರಿಗೂ ಒಂದೇ ಆಗಿರಬೇಕು. 2025ರ ಏಪ್ರಿಲ್‌ನಲ್ಲಿ ಗೋಪಾಲಸ್ವಾಮಿ ಬೆಟ್ಟದಲ್ಲಿ ಚಲನಚಿತ್ರವೊಂದರ ಚಿತ್ರೀಕರಣ ನಡೆದಾಗ ಪರಿಸರಾಸಕ್ತರು ಸಿಟ್ಟಾದರು. ಸಿಟ್ಟಿಗೆ ಕಾರಣ ಸ್ಪಷ್ಟ. ಕೂಲಿಕಾರನ ಸ್ಕೂಟರಿಗೆ ಇಲ್ಲದ ದಾರಿ ಕ್ಯಾಮೆರಾ ಹೊತ್ತ ವಾಹನಕ್ಕೆ ತೆರೆದರೆ, ಸಾಲಿನಲ್ಲಿ ನಿಂತ ಅಜ್ಜಿಯ ತಾಳ್ಮೆಗೆ ಬೆಲೆಯೇನು? ಕೈಲಾಗದವರಿಗೆ, ಕಾಯಿಲೆಯವರಿಗೆ ರಿಯಾಯಿತಿ ಇರಲಿ. ಕೈಯಲ್ಲಿ ವಶೀಲಿ ಇದ್ದವರಿಗೆ ಬೇಡ. ವಿನಾಯಿತಿಗಳು ಹೆಚ್ಚಿದಷ್ಟೂ ಜನರಿಗೆ ನಿಯಮದ ಮೇಲಿನ ನಂಬಿಕೆ ಕರಗುತ್ತದೆ. ನಂಬಿಕೆ ಹೋದ ಮೇಲೆ ಎಷ್ಟು ಕಾವಲುಗಾರರಿದ್ದರೂ ಕಾಡು ಉಳಿಯದು.

ಆದ್ದರಿಂದ ಚರ್ಚಾಸ್ಪರ್ಧೆಗೆ ನಿಲ್ಲುವ ಮಕ್ಕಳು ‘ತೆರೆಯಬೇಕು’, ‘ಮುಚ್ಚಬೇಕು’ ಎಂಬ ಎರಡೇ ಮಾತಿನಲ್ಲಿ ನಿಲ್ಲದಿರಲಿ. ಯಾವುದಕ್ಕೆ ಮುಚ್ಚುವುದು, ಯಾವ ಹೊತ್ತಿಗೆ ಮುಚ್ಚುವುದು, ಮುಚ್ಚಿದಾಗ ಸಾಮಾನ್ಯರಿಗೆ ಬದಲಿ ದಾರಿ ಯಾವುದು, ಅದರ ಭಾರ ಯಾರ ಹೆಗಲ ಮೇಲೆ ಎಂದು ಕೇಳಲಿ. ಕೇರಳದ ಯುವಕನ ಕಷ್ಟವನ್ನೂ, ಹನ್ನೆರಡು ನಿಮಿಷಕ್ಕಾಗಿ ಕಾಯುವ ಆನೆಯ ಕಷ್ಟವನ್ನೂ ಒಟ್ಟಿಗೆ ನೆನೆಯಬಲ್ಲ ವಿದ್ಯಾರ್ಥಿ ಬಹುಮಾನ ಗೆಲ್ಲುತ್ತಾನೋ ಬಿಡುತ್ತಾನೋ, ಮುಂದೊಂದು ದಿನ ಇಂಥ ಆದೇಶಕ್ಕೆ ಸಹಿ ಹಾಕುವ ಮೇಜಿನ ಹಿಂದೆ ಕುಳಿತರೆ, ಇಬ್ಬರಿಗೂ ಅನ್ಯಾಯವಾಗದು.