ಮೊದಲು ಇಸಿಜಿ

ಹಾರ್ನಿಮನ್ ಸರ್ಕಲ್ ಹತ್ತಿರ ನನ್ನ ಆಫೀಸು. ಡೊಂಬಿವಲಿಯಿಂದ ಲೋಕಲ್‌ನಲ್ಲಿ ನಿಂತುಕೊಂಡೇ ಬಂದು, ಸಿಎಸ್‌ಎಂಟಿಯಿಂದ ನಡೆದರೆ ಅಷ್ಟೇ ದಿನದ ವ್ಯಾಯಾಮ. ಉಳಿದ ಒಂಬತ್ತು ಗಂಟೆ ಕುರ್ಚಿ. ಮೂವತ್ತೆಂಟಕ್ಕೇ ಎರಡು ಮಹಡಿ ಹತ್ತಿದರೆ ಏದುಸಿರು ಬರತೊಡಗಿದಾಗ ಜಿಮ್ ಸೇರಿದೆ.

ಅಮ್ಮನಿಗೆ ಹೇಳಲಿಲ್ಲ. ಅಪ್ಪ ಐವತ್ತೊಂದಕ್ಕೆ ಹೃದಯಾಘಾತದಲ್ಲಿ ಹೋದವರು. 2021ರ ಅಕ್ಟೋಬರ್ 29ರಂದು, ಪುನೀತ್ ಹೋದ ದಿನ, ಅಮ್ಮ ಸಾಗರದಿಂದ ಫೋನ್ ಮಾಡಿ ಅತ್ತಿದ್ದಳು: "ಪುಟ್ಟಿ, ನೀನು ಮಾತ್ರ ಜಿಮ್ಮು ಗಿಮ್ಮು ಅಂತ ಹೋಗ್ಬೇಡ ಕಣೇ."

ಮೊದಲ ಟ್ರೈನರ್‌ನನ್ನು ಆರಿಸಿದ್ದು ತೋಳು ನೋಡಿ. 'ಶಾಂತಲಾ' ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದರೆಂದು ಅಪ್ಪ ಅವರ ಮೈಕಟ್ಟಿನ ಫೋಟೋ ತೋರಿಸಿದ್ದರು. ಮೈಕಟ್ಟೇ ಸರ್ಟಿಫಿಕೇಟು ಎಂದುಕೊಂಡಿದ್ದೆ. ಅಯ್ಯರ್ ಅದರ ಬಗ್ಗೆ ಪುಸ್ತಕಗಳನ್ನೇ ಬರೆದಿದ್ದರು ಎಂಬುದು ಆಗ ನೆನಪಾಗಲಿಲ್ಲ. ಈತ ನನ್ನನ್ನು ಏನೂ ಕೇಳಲಿಲ್ಲ. ಎರಡನೇ ದಿನವೇ ನೆಲದಿಂದ ಭಾರ ಎತ್ತಿಸಿದ, ತಾನು ಮೊಬೈಲ್ ನೋಡುತ್ತಿದ್ದ. ಒಂಬತ್ತನೇ ದಿನ ಸೊಂಟ ಹಿಡಿಯಿತು. "ನೋವಾದ್ರೇನೇ ಮೇಡಂ ಬಾಡಿ ಆಗೋದು" ಎಂದು ಹಿಂದಿಯಲ್ಲಿ ಹೇಳಿ, ಪ್ರೋಟೀನ್ ಡಬ್ಬಿಯೊಂದನ್ನು ಮಾರಿದ.

ಆರು ವಾರ ಫಿಸಿಯೋಥೆರಪಿ. "ಅವರು ಯಾವ ಕೋರ್ಸ್ ಮಾಡಿದ್ದಾರೆ?" ಎಂದು ಫಿಸಿಯೋ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಹನ್ನೊಂದು ತಿಂಗಳ ಬಾಡಿಗೆ ಅಗ್ರಿಮೆಂಟನ್ನು ಸಾಲು ಸಾಲಾಗಿ ಓದುವವಳು ನಾನು! ಡಾಕ್ಟರಿಗೆ, ವಕೀಲರಿಗೆ ಇರುವಂಥ ಕಡ್ಡಾಯ ನೋಂದಣಿ ನಮ್ಮಲ್ಲಿ ಟ್ರೈನರ್‌ಗೆ ಇಲ್ಲ, ಕೇಳಬೇಕಾದವರು ನಾವೇ.

ಎರಡನೆಯ ಜಿಮ್ಮು ಬೋರಾ ಬಜಾರಿನ ಗಲ್ಲಿಯಲ್ಲಿ, ಮರದ ಮೆಟ್ಟಿಲ ಮೇಲೆ. ಫೋನಿನಲ್ಲಿ ನನ್ನ ಮಾತು ಕೇಳಿಸಿಕೊಂಡ ಹುಡುಗ, "ಕನ್ನಡದವ್ರೇನ್ರೀ ಅಕ್ಕಾರ?" ಎಂದ. ವಿಜಯಪುರದ ಕಡೆಯವನು. ಮನಸ್ಸು ಅಲ್ಲೇ ಕರಗಿತು, ಆದರೆ ಒಮ್ಮೆ ಸುಟ್ಟುಕೊಂಡಿದ್ದೆನಲ್ಲ, ಸಂಕೋಚದಿಂದಲೇ ಸರ್ಟಿಫಿಕೇಟು ಕೇಳಿದೆ. ಬೇಸರಪಡಲಿಲ್ಲ. ಅಮೆರಿಕದ ಎಸಿಇ ಸಂಸ್ಥೆಯ ಪರೀಕ್ಷೆ ಪಾಸಾದದ್ದು, ಸಿಪಿಆರ್ ತರಬೇತಿಯ ಕಾರ್ಡು, ಎರಡನ್ನೂ ತೋರಿಸಿದ. "ಎರಡ ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಬೇಕ್ರಿ. ತಾರೀಖ ನೋಡ್ರಿ, ವೆಬ್‌ಸೈಟಿನ್ಯಾಗೂ ನೋಡ್ರಿ." ರಾತ್ರಿ ಲೋಕಲ್‌ನಲ್ಲಿ, ಠಾಣೆ ದಾಟುವಾಗ, ನೋಡಿಯೂಬಿಟ್ಟೆ. ಸರಿಯಿತ್ತು.

ಆದರೆ ನಾನು ಒಪ್ಪಿದ್ದು ಆ ಕಾಗದಕ್ಕಲ್ಲ. ಮರುದಿನ ಅವನು ಪ್ರಶ್ನೆಗಳ ಹಾಳೆ ಕೊಟ್ಟ. ಎದೆನೋವು ಬಂದಿದೆಯೇ, ತಲೆಸುತ್ತು, ಬಿ.ಪಿ., ಯಾವ ಮಾತ್ರೆ. ಮನೆಯವರಿಗೆ ಹೃದಯದ ತೊಂದರೆ ಎಂಬಲ್ಲಿ 'ಇಲ್ಲ' ಎಂದು ಬರೆದೆ. ಆಮೇಲೆ ಹೊಡೆದುಹಾಕಿ ಅಪ್ಪನ ವಯಸ್ಸು ಬರೆದೆ.

ಓದಿ ಹಾಳೆ ಮಡಚಿಟ್ಟ. "ಮೊದ್ಲ ಇಸಿಜಿ ಮಾಡಿಸ್ರಿ, ಡಾಕ್ಟರ್ ಚೀಟಿ ತಗೊಂಬರ್ರಿ. ಅಲ್ಲೀತನಕ ರೊಕ್ಕ ಬ್ಯಾಡ." ತಿಂಗಳ ಕೊನೆ, ಕಮಿಷನ್ ಮೇಲೆ ಬದುಕುವ ಹುಡುಗ. ಹಾಗಾದರೆ ಕೊಲೆಸ್ಟ್ರಾಲಿಗೆ ಏನು ತಿನ್ನಲಿ ಎಂದರೆ, "ಅದು ನನ್ನ ಕೆಲಸ ಅಲ್ರಿ, ಅವರನ್ನ ಕೇಳ್ರಿ" ಎಂದುಬಿಟ್ಟ.

ಇಸಿಜಿ ಸರಿಯಿತ್ತು, ಬಿ.ಪಿ. ಇರಲಿಲ್ಲ. ಮಾತ್ರೆ ಶುರುವಾಯಿತು. ಮೊದಲ ತಿಂಗಳು ಬರೀ ನಡಿಗೆ, ಕುರ್ಚಿಯಿಂದ ಏಳುವುದು ಕೂರುವುದು.

ಆ ಭಾನುವಾರ ಅಮ್ಮನಿಗೆ ಎಲ್ಲ ಹೇಳಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಆ ಹುಡುಗ ಅಲ್ಲಿ ಊಟಕ್ಕೇನು ಮಾಡ್ತಾನಂತೆ?"